ಪಟ್ಟಿಯಲ್ಲೊಂದು ಖಾಲಿ ಸಾಲು

ಡಿಸೆಂಬರಿನಲ್ಲಿ ಅಮ್ಮನಿಗೆ ದಿಲ್ಲಿ ತೋರಿಸಬೇಕೆಂದು ನಿಶ್ಚಯವಾಯಿತು. ನಮ್ಮವರು ದಿನಕ್ಕೆ ಆರು ಜಾಗಗಳ ಪಟ್ಟಿ ಬರೆದರು. ಎಪ್ಪತ್ತು ದಾಟಿದ ಮಂಡಿಗಳನ್ನು ಆ ಪಟ್ಟಿ ಕೇಳಿರಲಿಲ್ಲ. ಅರ್ಧ ನಾನೇ ಹೊಡೆದುಹಾಕಿದೆ.

ಸೋಮವಾರ ಕೆಂಪುಕೋಟೆಗೆ ರಜೆ. ಅಂದು ಹುಮಾಯೂನನ ಗೋರಿ. ಪತ್ನಿ ಬೇಗಾ ಬೇಗಂ ಕಟ್ಟಿಸಿದಳೆನ್ನುವ ಇದು ತಾಜಮಹಲಿಗಿಂತ ಹಳೆಯದು. ಮೆಟ್ಟಿಲು ಹತ್ತಲಾಗದಿದ್ದರೆ ತೋಟದಿಂದಲೇ ನೋಡಬಹುದು. ಬೆಳಿಗ್ಗೆ ಮಂಜು, ಹೊಗೆ ಎರಡೂ ಮುಸುಕುವುದರಿಂದ ಹತ್ತರ ಮೊದಲು ಹೊರಡುವುದು ಬೇಡ.

ಮಧ್ಯಾಹ್ನ ಲೋದಿ ಉದ್ಯಾನ. "ಅಲ್ಲೇನು ಮಾಡುವುದು?" ಎಂದರು. "ಸುಮ್ಮನೆ ಕೂರುವುದು" ಎಂದೆ.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅಮ್ಮ, ಬಿಸಿಲಿಗೆ ಬೆನ್ನು ಕೊಟ್ಟು, ಯಾವ ಕೆಲಸವೂ ಇಲ್ಲದೆ ಕುಳಿತದ್ದನ್ನು ನಾನು ಈವರೆಗೆ ಕಂಡಿಲ್ಲ. ದಿಲ್ಲಿಯಲ್ಲಿ ನಾನು ನೋಡಬೇಕಾದದ್ದು ಅದನ್ನೇ.

ನಿಮ್ಮ ಪಟ್ಟಿಯಲ್ಲೂ ಒಂದು ಸಾಲು ಖಾಲಿಯಿರಲಿ.