ನೀರು ಬಂದ!

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ, ಅಷ್ಟೇ. ಆದರೂ ಅಲ್ಲಿಂದ ನಮ್ಮ ಶಾಲೆಗೆ ಪಾಠ ಮಾಡಲು ಬರುವ ಬಿ.ಇಡಿ. ಹುಡುಗ ಹುಡುಗಿಯರು ಮೊದಲ ದಿನ ಕಕ್ಕಾಬಿಕ್ಕಿಯಾಗುತ್ತಾರೆ.

ಕಾರಣ ಇದೆ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, ಆಮೇಲೆ ಕಾಗದದ ಕಾರ್ಖಾನೆ. ಕೆಲಸಕ್ಕೆ ಅಂತ ತಮಿಳರು, ತೆಲುಗರು ಬಂದರು, ಇಲ್ಲೇ ಉಳಿದರು. ಉರ್ದು, ಲಂಬಾಣಿ ಮನೆಮಾತಿನವರಂತೂ ಇದ್ದೇ ಇದ್ದಾರೆ. ನನ್ನ ಆರನೇ ಕ್ಲಾಸಿನಲ್ಲಿ "ಮನೇಲಿ ಯಾವ ಭಾಷೆ ಮಾತಾಡ್ತೀರಾ?" ಅಂದರೆ ನಾಲ್ಕೈದು ಉತ್ತರ ಬರುತ್ತೆ.

ಹೊಸಬರು ಪಾಠಯೋಜನೆಯನ್ನು ಚೆನ್ನಾಗಿಯೇ ಬರೆದುಕೊಂಡು ಬರುತ್ತಾರೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ, ಚಾರ್ಟು... ಎಲ್ಲ ಇರುತ್ತೆ. ಮಕ್ಕಳ ಮನೆಮಾತಿನ ಬಗ್ಗೆ ಒಂದು ಸಾಲೂ ಇರೋದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಕಿಟಕಿಯಿಂದ ನಲ್ಲಿ ನೋಡಿ "ಮೇಡಂ, ನೀರು ಬಂದ" ಅಂದ. ಕ್ಲಾಸೆಲ್ಲ ನಕ್ಕಿತು. ಪಾಠ ಮಾಡುತ್ತಿದ್ದ ಹೊಸ ಮೇಡಂ ಕೂಡ ನಕ್ಕರು. ಆಮೇಲೆ ಎರಡು ವಾರ ಅವನು ಬಾಯೇ ಬಿಡಲಿಲ್ಲ. "ಹುಡುಗ ಸ್ವಲ್ಪ ಮಂಕು ಅಲ್ವಾ?" ಅಂತ ಮೇಡಂ ನನ್ನನ್ನೇ ಕೇಳಿದರು.

ಅವನ ಮನೆಮಾತು ಉರ್ದು. ಅದರಲ್ಲಿ ಗಂಡು, ಹೆಣ್ಣು ಎರಡೇ ಲಿಂಗ, ನಪುಂಸಕಲಿಂಗ ಇಲ್ಲ. 'ಪಾನಿ' ಪುಲ್ಲಿಂಗ, ಅದಕ್ಕೇ 'ಬಂದ'! ತನ್ನ ಭಾಷೆಯ ವ್ಯಾಕರಣವನ್ನು ಹುಡುಗ ಚಾಚೂ ತಪ್ಪದೆ ಪಾಲಿಸಿದ್ದ. 'ಳ' ಕೂಡ ಉರ್ದುವಿನಲ್ಲಿ ಇಲ್ಲ, ಹಾಗಾಗಿ ಅವನ 'ಮಳೆ' 'ಮಲೆ' ಆಗುತ್ತಿತ್ತು.

ಇದನ್ನು ಹೇಳಿದಾಗ ಮೇಡಂ ಮುಖ ಸಣ್ಣಗಾಯಿತು. ಮರುದಿನ ಅವರೇ ಬೋರ್ಡಿನ ಮೇಲೆ ತಮಿಳಿನ ಪಾಲ್, ಪಲ್, ಪುಲಿ, ಪೂ ಬರೆದು, ಪಕ್ಕದಲ್ಲಿ ಹಾಲು, ಹಲ್ಲು, ಹುಲಿ, ಹೂ ಬರೆದರು. ಹಳಗನ್ನಡದ 'ಪ' ಹೊಸಗನ್ನಡದಲ್ಲಿ 'ಹ' ಆದದ್ದನ್ನು ಬಿ.ಎ.ಯಲ್ಲೇ ಓದಿದ್ದರಂತೆ. ಅದು ಭದ್ರಾವತಿಯ ಆರನೇ ಕ್ಲಾಸಿಗೆ ಬೇಕಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ತಮಿಳು ಮಕ್ಕಳು ಇನ್ನಷ್ಟು ಪದ ಕೂಗತೊಡಗಿದರು. ಆಮೇಲೆ "ನಿಮ್ಮಲ್ಲಿ ನೀರು ಗಂಡಸಂತೆ, ಹೌದಾ?" ಅಂತ ಆ ಹುಡುಗನನ್ನು ಕೇಳಿದರು. ಅವನು ಎದ್ದು ನಿಂತು ಇಡೀ ಕ್ಲಾಸಿಗೆ ಪಾಠವನ್ನೇ ಮಾಡಿದ!

2014ರ ನಿಯಮದಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕು. ಅದರಲ್ಲಿ ಮೊದಲ ವಾರ ಪಾಠ ಬೇಡ ಅಂತೀನಿ ನಾನು. ಮಕ್ಕಳ ಜೊತೆ ಕೂತು ಯಾರ ಮನೆಮಾತು ಯಾವುದು, ಎಲ್ಲಿ ನಾಲಿಗೆ ತಡವರಿಸುತ್ತೆ ಅಂತ ಬರೆದುಕೊಳ್ಳಲಿ. ಇದಕ್ಕೆ ಬೇಕಾಗೋದು ಒಂದು ನೋಟ್‌ಬುಕ್ ಅಷ್ಟೇ. ನೀವೇನಂತೀರಿ?