ಇತ್ತ ಕ್ಷೇಮ

ಮುಖ್ಯವಾದ ಸುದ್ದಿಯೆಲ್ಲ ಫೋನಿನ ಪಾಲು. ಯಾರು ತೀರಿಕೊಂಡರು, ಯಾರ ಮದುವೆ ಗಟ್ಟಿಯಾಯಿತು, ಅಡಿಕೆ ಧಾರಣೆ ಎಷ್ಟು, ಇವೆಲ್ಲ ಪುಣೆಯಲ್ಲಿರುವ ಮಗನಿಗೆ ಅದೇ ರಾತ್ರಿ ಮುಟ್ಟುತ್ತವೆ. ಹಾಗಾಗಿ ನನ್ನ ಕಾಗದಕ್ಕೆ ಉಳಿಯುವುದು ಯಾರಿಗೂ ಬೇಡದ ಸುದ್ದಿ. ಅದನ್ನು ಕೂತು ಬರೆಯುವ ಸುಖವೇ ಬೇರೆ.

ತೀರ್ಥಹಳ್ಳಿ ಪೇಟೆಗೆ ಹೋದಾಗ ಅಂಚೆ ಕಚೇರಿಯಿಂದ ನಾಲ್ಕಾರು ಇನ್‌ಲ್ಯಾಂಡ್ ತಂದಿಟ್ಟುಕೊಳ್ಳುತ್ತೇನೆ. ಒಂದಕ್ಕೆ 2.50 ರೂಪಾಯಿ. ಈ ನೀಲಿ ಹಾಳೆ ಶುರುವಾದದ್ದು 1950ರ ಅಕ್ಟೋಬರ್ 2ರಂದು, ನನಗಿಂತ ಹಿರಿಯದು. ಒಳಗೆ ಏನನ್ನೂ ಇಡಬಾರದೆಂದು ಮೇಲೆಯೇ ಅಚ್ಚು ಹಾಕಿದ್ದಾರೆ. ದೇವರ ಹೂವಿನ ಒಂದೆಸಳೂ ಕೂಡದಂತೆ! ಹಬ್ಬದ ದಿನ ಬರೆದರೆ ಮೂಲೆಗೆ ಅರಿಶಿನ ಕುಂಕುಮ ಸವರಿಬಿಡುತ್ತೇನೆ. ಅದಕ್ಕೆ ಯಾವ ಕಾನೂನಿದೆ?

ಮೇಲೆ ಶ್ರೀ, ಬಲಕ್ಕೆ ಊರು, ತಾರೀಖು. 'ಚಿರಂಜೀವಿಗೆ ಅಮ್ಮನ ಆಶೀರ್ವಾದಗಳು. ಇತ್ತ ಕ್ಷೇಮ.' ಮಗ ಈ ಸಾಲುಗಳನ್ನು ಓದದೆ ಹಾರಿಸುತ್ತಾನೆಂದು ಗೊತ್ತು. ಇರಲಿ, ನನ್ನ ಪೆನ್ನಿಗೆ ಓಟ ಸಿಗಲು ಅವು ಬೇಕು.

ಆಮೇಲೆ ಮಳೆ. ಆದರೆ 'ಇಲ್ಲಿ ವಿಪರೀತ ಮಳೆ' ಎಂದರೆ ಏನು ಹೇಳಿದ ಹಾಗಾಯಿತು? ಆಗುಂಬೆ ಕಡೆಯ ಬಸ್ಸಿನ ಕಂಡಕ್ಟರ್ ಟಿಕೆಟ್ ಮೆಷಿನ್ನಿಗೆ ಕೊಟ್ಟೆ ಕಟ್ಟಿಕೊಂಡು ಬಂದಿದ್ದ ಎಂದು ಬರೆದೆ. ಕೊಳೆರೋಗ ಬಾರದಿರಲೆಂದು ಅಡಿಕೆಗೊನೆಗೆ ಕೊಟ್ಟೆ ಕಟ್ಟುವುದನ್ನು ನೋಡುತ್ತ ಬೆಳೆದ ಹುಡುಗನಿಗೆ ಅಷ್ಟು ಸಾಕು. ಬೋರ್ಡೋ ಹೊಡೆಯುವ ಫಜೀತಿಯೂ ಅದರ ಹಿಂದೆಯೇ ಬಂತು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಆ ಲೆಕ್ಕ ಎಂದೂ ತಪ್ಪುವುದಿಲ್ಲ. ತಪ್ಪುವುದು ಕೊನೆಗಾರ. ಬಿಸಿಲು ಬಂದ ದಿನ ಅವನಿಲ್ಲ, ಅವನು ಬಂದ ದಿನ ಬಿಸಿಲಿಲ್ಲ. 'ನಿನ್ನ ಅಪ್ಪಯ್ಯ ಜಗಲಿಯಲ್ಲಿ ಕೂತು ಇಬ್ಬರನ್ನೂ ಬೈಯುತ್ತಿದ್ದಾರೆ, ಅವರ ಆರೋಗ್ಯ ಚೆನ್ನಾಗಿದೆ.'

ಸಣ್ಣಪುಟ್ಟ ಕೆಟ್ಟ ಸುದ್ದಿಯನ್ನು ಎರಡು ಒಳ್ಳೆಯದರ ನಡುವೆ ತುರುಕಬೇಕು. ನನ್ನ ಮಂಡಿನೋವು ಸಾಮಾನ್ಯವಾಗಿ ದನ ಕರು ಹಾಕಿದ್ದಕ್ಕೂ ಡಬ್ಬಿ ತುಂಬಿದ ಹಲಸಿನ ಹಪ್ಪಳಕ್ಕೂ ಮಧ್ಯೆ ಬರುತ್ತದೆ. ಅವನೂ ಜಾಣ, ಕೇಳುವುದು ಅದನ್ನೇ.

ಜಾಗ ಮುಗಿಯುತ್ತ ಬಂದಾಗಲೇ ಬರೆಯಲೇಬೇಕಾದ್ದು ನೆನಪಾಗುವುದು. ಹಾಳೆ ಅಡ್ಡ ತಿರುಗಿಸಿ, ಅಂಚಿನಲ್ಲಿ ಇರುವೆಸಾಲಿನಂತೆ ಗೋಂದಿನ ಪಟ್ಟಿಯವರೆಗೂ ಬರೆಯುತ್ತೇನೆ. ಹೋದ ಸಲ ಅಂಚಿಗೆ ಸಿಕ್ಕಿದ್ದು ಹಲಸಿನ ವ್ಯಾಜ್ಯ. ಮರ ನಮ್ಮದು, ಹಣ್ಣು ಬಿದ್ದದ್ದು ಆಚೆಮನೆ ಹಿತ್ತಲಿಗೆ, ತಿಂದದ್ದು ಮಂಗ. ಆಚೆಮನೆ ಚಿಕ್ಕಮ್ಮ ಮಾತು ಬಿಟ್ಟದ್ದು ನನ್ನ ಹತ್ತಿರ! ಅಲ್ಲಿಗೆ ಗೋಂದು ಬಂತು, ಅಂಟಿಸಿದೆ.

ಕಾಗದ ಮುಟ್ಟಿದ ಸಂಜೆಯೇ ಫೋನು. "ಅಮ್ಮ, ಚಿಕ್ಕಮ್ಮ ಆಮೇಲೆ ಮಾತಾಡಿದ್ರಾ?"

ಅಂಥಾದ್ದನ್ನು ಫೋನಿನಲ್ಲಿ ಹೇಳಿ ಕೆಡಿಸುವುದುಂಟೇ? "ಬರೀತೀನಿ, ತಡಿ" ಅಂದೆ.