ವಖಾರಿಯ ಊರು ನಿಪ್ಪಾಣಿ

ನಿಪ್ಪಾಣಿ ಎಂದೊಡನೆ ಬಹಳ ಜನ ಗಡಿ ತಂಟೆಯ ಮಾತೆತ್ತುತ್ತಾರೆ. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದ ಊರು. 1967ರಲ್ಲಿ ಮಹಾಜನ ಆಯೋಗ ಅದನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತು. ಊರು ಇಲ್ಲೇ ಉಳಿಯಿತು. ಇದೆಲ್ಲ ನಿಜವೇ. ಆದರೂ ಎಂಬತ್ತರ ದಶಕದ ನಿಪ್ಪಾಣಿಯನ್ನು ಕಣ್ಣಾರೆ ಕಂಡವರಿಗೆ ಗೊತ್ತು, ಈ ಊರಿನ ಸ್ವಭಾವ ರೂಪಿಸಿದ್ದು ತಂಬಾಕು. ಮಳೆ ನಂಬಿದ ಹೊಲದಲ್ಲಿ ಬೆಳೆದ ಬೀಡಿ ತಂಬಾಕು ವ್ಯಾಪಾರಿಯ ವಖಾರಿಗೆ ಬರುತ್ತಿತ್ತು. ಅಲ್ಲಿ ಹೆಂಗಸರು ಅದನ್ನು ಕುಟ್ಟಿ, ಜರಡಿ ಹಿಡಿದು, ಜರ್ದಾ ಮಾಡುತ್ತಿದ್ದರು. ದಾರಿಹೋಕರಿಗೆ ಬರೀ ಘಾಟು. ಒಳಗೆ ಕೂತವರಿಗೆ ದಿನವಿಡೀ ಆ ಧೂಳೇ ಉಸಿರು. ಇನ್ನು ಗಡಿಯ ಮಾತಿಗೆ ಬಂದರೆ, ಊರ ಮಕ್ಕಳು ಓದುವ ದೇವಚಂದ ಕಾಲೇಜು ನಿಂತಿರುವುದು ಗಡಿಯಾಚೆ, ಕಾಗಲ್ ತಾಲೂಕಿನ ಅರ್ಜುನನಗರದಲ್ಲಿ. ನಕಾಶೆಯ ಗೆರೆಯನ್ನು ಊರಿನ ಬದುಕು ಎಷ್ಟು ಲೆಕ್ಕಕ್ಕಿಟ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಊರು ಬದಲಾದದ್ದೂ ತಂಬಾಕಿನ ಜಗಳದಿಂದಲೇ. 1981ರ ಮಾರ್ಚ್‌ನಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ನ್ಯಾಯದ ದರ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು. ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆದು ಆಗಿನ್ನೂ ವರ್ಷ ತುಂಬಿರಲಿಲ್ಲ. ಅದೇ ಹೊತ್ತಿಗೆ ವಖಾರಿಯ ಹೆಂಗಸರು ಸಂಘ ಕಟ್ಟಿದರು. ಅವರ ಹೋರಾಟದ ಮೇಲೆ ಯುಗಾಂತರ ಎಂಬ ಸ್ತ್ರೀವಾದಿ ಚಿತ್ರತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ರೈತರ ಹೋರಾಟಕ್ಕೆ ಹೆದ್ದಾರಿಯಷ್ಟು ಅಗಲದ ಜಾಗ ಸಿಕ್ಕಿತು. ಹೆಂಗಸರು ಹೋರಾಡಬೇಕಾದದ್ದು ವಖಾರಿಯ ಗೋಡೆಗಳ ನಡುವೆ, ದಿನಗೂಲಿ ಕೊಡುವ ಧಣಿಯ ಎದುರಿಗೇ. ಅದಕ್ಕೇ ಅವರದು ಹೆಚ್ಚಿನ ಧೈರ್ಯ ಎನ್ನುತ್ತೇನೆ.

ಊರನ್ನು ಬದಲಿಸಿದ್ದು ಚಳವಳಿಯಲ್ಲ, ವೇದಗಂಗಾ, ದೂಧಗಂಗಾ ನದಿಗಳ ನೀರು ಮತ್ತು ಕಬ್ಬು ಎಂದು ಹೇಳುವವರಿದ್ದಾರೆ. ಹಾಲಸಿದ್ಧನಾಥ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಂಡವರು ಆ ಮಾತನ್ನು ತಳ್ಳಿಹಾಕಲಾರರು. ಆದರೆ ನೀರು ಬದಲಿಸಿದ್ದು ಬೆಳೆಯನ್ನು. ಕೂಲಿಯವಳು ಧಣಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಕಬ್ಬಿಗಿಂತ ಬೇರೆಯ ಸಂಗತಿ. ಇನ್ನು, ಜೀವ ತೆಗೆಯುವ ತಂಬಾಕು ಹೋದರೆ ಹೋಗಲಿ ಎಂಬ ವಾದ. ಒಪ್ಪುತ್ತೇನೆ, ಆ ವಿಷ ಮೊದಲು ತಿಂದದ್ದು ಕುಟ್ಟಿದವರ ಎದೆಗೂಡನ್ನೇ. ಆದರೆ ಒಂದು ವಖಾರಿ ಮುಚ್ಚಿದರೆ ಅಲ್ಲಿನ ಹೆಂಗಸರಿಗೆ ಮನೆಯ ಹತ್ತಿರದ ಕೂಲಿ ತಪ್ಪುತ್ತದೆ. ಕಬ್ಬಿನ ಕಟಾವು ಹಂಗಾಮಿನದು, ಅದಕ್ಕೂ ಗ್ಯಾಂಗುಗಳು ಹೊರಗಿನಿಂದ ಬರುತ್ತವೆ. ತಂಬಾಕು ಬಿಡಿಸುವ ಮಾತಾಡುವವರು ಬೇರೆ ಬೆಳೆಯನ್ನು ರೈತನಿಗೆ ತೋರಿಸುತ್ತಾರೆ. ಕುಟ್ಟಿದವಳಿಗೆ ಬೇರೆ ಕೆಲಸವನ್ನೂ ಔಷಧದ ಖರ್ಚನ್ನೂ ಅದೇ ಯೋಜನೆಯಲ್ಲಿ ಬರೆಯಬೇಕು.